ಪ್ರತಿನಿಧಿಯ ಮಾನ, ಮತದಾರರ ತೀರ್ಪು

ಅಧಿಕಾರಸ್ಥಾನದಲ್ಲಿ ತನಗೆ ಅಪಮಾನವಾಯಿತೆಂದು ತಿಳಿದ ಪ್ರಜಾಪ್ರತಿನಿಧಿಯು ಮಾಡತಕ್ಕುದೇನು? ಪಕ್ಷದೊಳಗೇ ಇದ್ದು ಗೊಣಗುತ್ತಿರಬಹುದು. ಒಳಗೊಳಗೇ ಎದುರು ಪಕ್ಷದೊಡನೆ ಸಂಧಾನ ನಡೆಸಬಹುದು. ಇಲ್ಲವೆ, ಸ್ಥಾನವನ್ನು ಕೊಟ್ಟವರಿಗೇ ಹಿಂದಿರುಗಿಸಿ ಅವರ ತೀರ್ಪನ್ನು ಬೇಡಬಹುದು. ಮೂರನೆಯ ಮಾರ್ಗವೇ ಕಠಿನವಾದುದು. ದಿವಂಗತ ಶ್ರೀ ವಿ. ಶ್ರೀನಿವಾಸಪ್ರಸಾದರು ನಂಜನಗೂಡಿನಲ್ಲಿ ಹಿಡಿದುದು ಅದನ್ನೇ.

ಮೈಸೂರಿನ ಅಶೋಕಪುರದಲ್ಲಿ 1947ರಲ್ಲಿ ಜನಿಸಿದ ಅವರು 1974ರ ಕೃಷ್ಣರಾಜ ಕ್ಷೇತ್ರದ ಉಪಚುನಾವಣೆಯಿಂದ ಕಣಕ್ಕಿಳಿದವರು. ಚಾಮರಾಜನಗರದಿಂದ ಆರು ಬಾರಿ ಲೋಕಸಭೆಗೂ, 2008 ಮತ್ತು 2013ರಲ್ಲಿ ನಂಜನಗೂಡಿನಿಂದ ವಿಧಾನಸಭೆಗೂ ಆಯ್ಕೆಯಾದರು. ವಾಜಪೇಯಿಯವರ ಸರ್ಕಾರದಲ್ಲಿ ರಾಜ್ಯಸಚಿವರಾಗಿದ್ದು, 2013ರಲ್ಲಿ ಶ್ರೀ ಸಿದ್ದರಾಮಯ್ಯನವರ ಮಂತ್ರಿಮಂಡಲದಲ್ಲಿ ಕಂದಾಯ ಖಾತೆಯನ್ನು ವಹಿಸಿದರು. ಪಕ್ಷಗಳನ್ನು ಒಂದಕ್ಕಿಂತ ಹೆಚ್ಚು ಬಾರಿ ಬದಲಾಯಿಸಿದವರೆಂಬುದನ್ನು ನಾವು ಮರೆಮಾಚುವುದಿಲ್ಲ.

2016ರ ಜೂನ್ ತಿಂಗಳಲ್ಲಿ ಅವರನ್ನು ಮಂತ್ರಿಮಂಡಲದಿಂದ ಕೈಬಿಡಲಾಯಿತು. ಅದೇ ಅಕ್ಟೋಬರಿನಲ್ಲಿ ಅವರು ಶಾಸಕಸ್ಥಾನವನ್ನು ತ್ಯಜಿಸಿ, ಸ್ವಾಭಿಮಾನದ ಹೆಸರಿನಲ್ಲಿ ಭಾರತೀಯ ಜನತಾ ಪಕ್ಷದಿಂದ ಮರಳಿ ಕಣಕ್ಕೆ ಬಂದರು. 2013ರಲ್ಲಿ ಅವರಿಗೆ ಸೋತಿದ್ದ ಶ್ರೀ ಕಳಲೆ ಕೇಶವಮೂರ್ತಿಯವರೇ ಜನತಾದಳವನ್ನು ಬಿಟ್ಟು ಕಾಂಗ್ರೆಸ್ ಅಭ್ಯರ್ಥಿಯಾಗಿ ಎದುರು ನಿಂತರು. ವ್ಯಕ್ತಿಗಳು ಅವರೇ, ಧ್ವಜಗಳು ಮಾತ್ರ ಬೇರೆ. 2017ರ ಏಪ್ರಿಲಿನಲ್ಲಿ ಮತದಾರರು ಪ್ರಸಾದರನ್ನು 21,334 ಮತಗಳಿಂದ ಸೋಲಿಸಿದರು.

ಈ ಸೋಲನ್ನು ಕೇವಲ ಹಣಬಲ, ಅಧಿಕಾರಬಲಗಳ ಫಲವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಮತದಾರರಿಗೆ ಮಾಡುವ ಅನ್ಯಾಯ. ಮಂತ್ರಿಪದವಿಯು ಮುಖ್ಯಮಂತ್ರಿಯು ಕೊಡತಕ್ಕುದು, ಆತನು ಹಿಂತೆಗೆದುಕೊಳ್ಳಬಹುದಾದುದು. ಶಾಸಕತ್ವವಾದರೋ ಜನರ ನಿಕ್ಷೇಪ. ಒಂದು ಹೋಯಿತೆಂದು ಇನ್ನೊಂದನ್ನು ಬಿಡುವವನು, ತನ್ನ ನೋವು ಕ್ಷೇತ್ರದ ನೋವೂ ಆಗಿದೆಯೆಂಬುದನ್ನು ಸ್ಥಾಪಿಸಬೇಕು. ಪ್ರಸಾದರು ಆ ಪ್ರಮಾಣವನ್ನು ಮತದಾರರಿಗೆ ಒಪ್ಪಿಸಲಾರದೆ ಹೋದರು. ಆದರೂ ಕೇಳಬೇಕಾದವರನ್ನೇ ಕೇಳಿದರೆಂಬ ಕೀರ್ತಿ ಅವರದು. 2019ರಲ್ಲಿ ಹಲವು ಶಾಸಕರ ರಾಜೀನಾಮೆಗಳಿಂದ ಒಂದು ಸರ್ಕಾರವೇ ಉರುಳಿ ಮತ್ತೊಂದು ಏರಿತು. ಪ್ರಸಾದರ ರಾಜೀನಾಮೆಯಿಂದ ಯಾವ ಸರ್ಕಾರವೂ ಅಲುಗಲಿಲ್ಲ, ನಷ್ಟವೆಲ್ಲ ಅವರದಾಯಿತು.

ಜನರ ನಿರಾಕರಣೆ ಶಾಶ್ವತ ಬಹಿಷ್ಕಾರವೂ ಅಲ್ಲ. ನಂಜನಗೂಡು, ತಿ. ನರಸೀಪುರಗಳೆರಡೂ ಸೇರಿರುವ ಚಾಮರಾಜನಗರ ಲೋಕಸಭಾ ಕ್ಷೇತ್ರವು 2019ರಲ್ಲಿ ಅದೇ ಪ್ರಸಾದರನ್ನು 1,817 ಮತಗಳ ಅಂತರದಿಂದ ಆರಿಸಿತು. ನೆರೆಯ ತಿ. ನರಸೀಪುರದಲ್ಲಿ, ಅದೇ ಸಿದ್ದರಾಮಯ್ಯನವರ ಸಂಪುಟದಲ್ಲಿ ಲೋಕೋಪಯೋಗಿ ಸಚಿವರಾಗಿ ಉಳಿದಿದ್ದ ಡಾ. ಎಚ್.ಸಿ. ಮಹದೇವಪ್ಪನವರು 2018ರಲ್ಲಿ ಸೋತು 2023ರಲ್ಲಿ ಗೆದ್ದರು. ಪದವಿಯನ್ನು ಕಳೆದುಕೊಂಡವರನ್ನೂ ಉಳಿಸಿಕೊಂಡವರನ್ನೂ ಕಪಿಲಾತೀರದ ಮತದಾರರು ಒಂದೇ ತಕ್ಕಡಿಯಲ್ಲಿ ತೂಗಿದರು.

2024ರ ಮಾರ್ಚಿಯಲ್ಲಿ ಚುನಾವಣಾ ರಾಜಕೀಯದಿಂದ ನಿವೃತ್ತರಾದ ಪ್ರಸಾದರು ಏಪ್ರಿಲ್ 29ರಂದು ಕಾಲವಶರಾದರು. ಅವರ ಚರಿತ್ರೆಯಿಂದ ನಮ್ಮ ಶಾಸಕರು ಕಲಿಯತಕ್ಕುದಿಷ್ಟೆ: ಮನಸ್ತಾಪವಿದ್ದರೆ ಸ್ಥಾನವನ್ನು ಬಿಟ್ಟು ಜನರ ಮುಂದೆ ಬನ್ನಿರಿ, ಆದರೆ ನಿಮ್ಮ ಮಾನಕ್ಕೂ ಅವರ ಹಿತಕ್ಕೂ ಇರುವ ಸಂಬಂಧವನ್ನು ಮೊದಲು ತೋರಿಸಿರಿ. ಮತದಾರರಿಗೂ ಮಾನವುಂಟು.