ಸಹಿ ಸಿಕ್ಕಿದರೆ ಸಾಕೇ?

ಪುತ್ತೂರು, ಸುಳ್ಯ, ಕಡಬದ ಕಡೆ ಹೊಸ ಮನೆಗೆ ಮೆಸ್ಕಾಂ ಕರೆಂಟ್ ಕೊಡುವ ಮೊದಲು ವಯರಿಂಗ್ ತಪಾಸಣೆ ಇದೆ. ಅರ್ತಿಂಗ್ ಸರಿ ಇಲ್ಲ ಅಂತ ಫೇಲ್ ಆದರೆ ನಮ್ಮವರು ಕೇಳುವುದು ಒಂದೇ: "ಮನೆ ಒಕ್ಕಲು ಹತ್ತಿರ ಬಂತು, ಹೇಗಾದ್ರೂ ಒಂದು ಸಹಿ ಆಗ್ತದಾ?" ನನ್ನ ಪ್ರಕಾರ ಪ್ರಶ್ನೆಯೇ ತಪ್ಪು.

ಲೆಕ್ಕ ಹಾಕಿ ನೋಡುವ. ನಮ್ಮದು ಮುರಕಲ್ಲಿನ ನೆಲ. ಬೇಸಿಗೆಯಲ್ಲಿ ಅದು ಒಣಗಿದ ಹಾಗೆ ಅರ್ತ್ ರೆಸಿಸ್ಟೆನ್ಸ್ ಏರ್ತದೆ. 20 ಓಮ್ ಅಂತಿಟ್ಟುಕೊಳ್ಳಿ. ಫ್ರಿಜ್ಜಿನ ಬಾಡಿಗೆ ಫೇಸ್ ತಾಗಿದರೆ ಹರಿಯುವುದು ಹೆಚ್ಚೆಂದರೆ 230/20, ಅಂದರೆ 11.5 ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಇದಕ್ಕೆ ಟ್ರಿಪ್ಪೇ ಆಗುವುದಿಲ್ಲ, ಬಾಡಿಯಲ್ಲಿ ಕರೆಂಟ್ ಹಾಗೇ ಇರ್ತದೆ. ಎಂಸಿಬಿ ಇರುವುದು ವಯರನ್ನು ಉಳಿಸಲಿಕ್ಕೆ. ಮನುಷ್ಯನನ್ನು ಉಳಿಸುವುದು 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಆರ್‌ಸಿಸಿಬಿ.

ಆದರೆ ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗ್ತದೆ ಅಂತ ಅದನ್ನೇ ಬೈಪಾಸ್ ಮಾಡಿಸುವವರಿದ್ದಾರೆ. ಅರ್ತ್ ಗುಂಡಿ ತೋಡುವ ಬದಲು ಅರ್ತ್ ವಯರನ್ನು ಮನೆಯೊಳಗೇ ನ್ಯೂಟ್ರಲ್‌ಗೆ ಸೇರಿಸುವವರೂ ಇದ್ದಾರೆ. ನ್ಯೂಟ್ರಲ್ ಕಡಿದ ದಿನ ಗ್ರೈಂಡರ್, ಪಂಪು, ಫ್ರಿಜ್ಜು ಎಲ್ಲದರ ಬಾಡಿಯಲ್ಲೂ ಕರೆಂಟ್ ಬರಬಹುದು!

ಸರಿಯಾದ ದಾರಿ ಇಷ್ಟೇ: ಒಂದೊಂದೇ ಸರ್ಕ್ಯೂಟ್ ಬಿಡಿಸಿ 500 ವೋಲ್ಟ್ ಮೆಗ್ಗರ್‌ನಲ್ಲಿ ನೋಡಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದಲ್ಲಿ ದೋಷ ಹುಡುಕಿ ಸರಿಪಡಿಸಬೇಕು. ಅದು ಲೈಸೆನ್ಸ್ ಇರುವವರ ಕೆಲಸ.

ನಮ್ಮ ಕೆಲಸವೂ ಉಂಟು. ಈ ಸಲ ಊರಿಗೆ ಹೋದಾಗ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ತಪಾಸಣೆಗೆ ಬಂದವರಿಗೆ ಬೈಯುವ ಮನೆಯವರಿಗೆ ಈ 11.5ರ ಲೆಕ್ಕ ಹೇಳಿ. ಓಮ್‌ನ ನಿಯಮವನ್ನು ನಾವು ಇಂಟರ್ನಲ್ಸ್‌ಗೆ ಮಾತ್ರ ಓದಿದ್ದಲ್ಲವಲ್ಲ?