ಕರೆಗಿಂತ ಕರುಣೆ ದೊಡ್ಡದು



ಮಾಟಮಂತ್ರವಿರುವ ಕಥೆ ಕ್ರೈಸ್ತರಿಗೆ ಬೇಡ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. 1954-55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ನಿಷ್ಠಾವಂತ ಕಥೋಲಿಕರು.

ಕನಸಿನಲ್ಲಿ ಕೇಳಿಬಂದ ಪ್ರವಾದನೆ ಸೂಚಿಸಿದ್ದ ಪುಟ್ಟಾಳು ಫ್ರೋಡೊ. ಕೇಡಿನ ಉಂಗುರವನ್ನು ನಾಶಮಾಡಲು ಬೆಂಕಿಬೆಟ್ಟದವರೆಗೂ ನಡೆಯುತ್ತಾನೆ. ಅಲ್ಲಿ ಸೋತು, ಉಂಗುರ ತನ್ನದೇ ಎನ್ನುತ್ತಾನೆ. ಅದನ್ನು ಕಿತ್ತುಕೊಂಡ ಗೊಲ್ಲಮ್ ಉಂಗುರದೊಂದಿಗೇ ಬೆಂಕಿಗೆ ಬೀಳುತ್ತಾನೆ. ದಾರಿಯಲ್ಲಿ ಫ್ರೋಡೊ ಕನಿಕರಪಟ್ಟು ಜೀವ ಉಳಿಸಿದ್ದು ಇದೇ ಗೊಲ್ಲಮನದು! ಕಥೆಯಲ್ಲಿ ಆ ದಿನ ಮಾರ್ಚ್ 25, ನಮ್ಮ ಮಂಗಳವಾರ್ತೆಯ ಹಬ್ಬ.

ಕರೆ ಪಡೆದವರೂ ಸೋಲುತ್ತಾರೆ. ಆದರೆ ತೋರಿದ ಕರುಣೆಯನ್ನು ದೇವರು ವ್ಯರ್ಥಮಾಡುವುದಿಲ್ಲ. ಕುಡಿತಕ್ಕೆ ಬಿದ್ದು ಯುವಕೂಟದಿಂದ ದೂರವಾದ ಗೆಳೆಯನನ್ನು ‘ಅವನು ಸರಿಹೋಗಲ್ಲ’ ಎಂದು ಕೈಬಿಡುವ ಮೊದಲು ಈ ಪುಸ್ತಕ ಓದೋಣ. ಓದಿ, ಅವನ ಮನೆಗೆ ಹೋಗೋಣ.