ಹೈಫಾದಲ್ಲಿ ಎದುರಿಗಿದ್ದವರು ಯಾರು?

ಸೆಪ್ಟೆಂಬರ್ 23 ಬಂದರೆ ಸಾಕು, ಬನಶಂಕರಿಯ ನಮ್ಮ ವಾಕಿಂಗ್ ಗೆಳೆಯರ ಮೊಬೈಲುಗಳಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ. 1918ರಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಭರ್ಜಿ ಹಿಡಿದು ಹೈಫಾ ನಗರವನ್ನು ಗೆದ್ದ ಕಥೆ ಅದು. ಕಥೆ ನಿಜ. ಆದರೆ ಅದರ ಬಾಲಕ್ಕೆ ಯಾರೋ ಒಂದು ಸಾಲು ಕಟ್ಟಿರುತ್ತಾರೆ: ನಾಲ್ಕು ನೂರು ವರ್ಷದ ಮುಸಲ್ಮಾನರ ಆಡಳಿತವನ್ನು ನಮ್ಮವರು ಮುಗಿಸಿದರು ಅಂತ. ನನ್ನ ಜಗಳ ಈ ಸಾಲಿನ ಜೊತೆ.

ಅದನ್ನು ಕಳಿಸುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ. ಎದುರು ಸೈನ್ಯದ ಸೇನಾಪತಿ ಯಾರು? ಯಾರೂ ಹೇಳುವುದಿಲ್ಲ. ಪಾಲೆಸ್ತೀನಿನ ಉಸ್ಮಾನಿ ಸೈನ್ಯವನ್ನು ಆಗ ನಡೆಸುತ್ತಿದ್ದವನು ತುರ್ಕನಲ್ಲ, ಮುಸಲ್ಮಾನನೂ ಅಲ್ಲ. ಅವನು ಪ್ರಷ್ಯಾದ ಜನರಲ್ ಒಟ್ಟೊ ಲೀಮನ್ ಫಾನ್ ಸಾಂಡರ್ಸ್. ಕಾರ್ಮೆಲ್ ಗುಡ್ಡದಲ್ಲಿ ಫಿರಂಗಿ ಹೂಡಿ ಕುಳಿತವರಲ್ಲಿ ಆಸ್ಟ್ರಿಯನ್ನರಿದ್ದರು. ಸೆರೆಸಿಕ್ಕ 1,350 ಮಂದಿಯಲ್ಲಿ ಜರ್ಮನ್ ಅಧಿಕಾರಿಗಳೂ ಇದ್ದರು. ಧರ್ಮಯುದ್ಧದ ಬಣ್ಣ ಬಳಿಯಬೇಕಾದರೆ ಇವರನ್ನೆಲ್ಲ ಅಳಿಸಬೇಕಾಗುತ್ತದೆ. ಅಳಿಸಿದ್ದಾರೆ.

ಈ ಲೀಮನ್ ಯಾರು ಎಂದು ಸ್ವಲ್ಪ ಕೆದಕಿ ನೋಡಿ. 1855ರಲ್ಲಿ ಹುಟ್ಟಿದವನು, ಅವನ ತಂದೆಯ ಕಡೆಯ ಮೂಲ ಯಹೂದಿ. 1913ರ ಕೊನೆಗೆ ಜರ್ಮನ್ ಸೇನಾ ನಿಯೋಗದ ಮುಖ್ಯಸ್ಥನಾಗಿ ಇಸ್ತಾಂಬುಲಿಗೆ ಬಂದ. 1915ರಲ್ಲಿ ಗಲಿಪೊಲಿಯಲ್ಲಿ ಇಂಗ್ಲಿಷರನ್ನು ತಡೆದ ಐದನೇ ಸೈನ್ಯ ಅವನದು. ಮುಸ್ತಫಾ ಕಮಾಲನ ಕೈಗೆ ಅನಫರ್ತಾ ರಂಗವನ್ನು ಕೊಟ್ಟವನೂ ಅವನೇ. 1918ರ ಆರಂಭದಲ್ಲಿ ಪಾಲೆಸ್ತೀನ್ ರಂಗ ಅವನ ಹೆಗಲಿಗೆ ಬಿತ್ತು. ಸೆಪ್ಟೆಂಬರ್ 20ರ ನಸುಕಿನಲ್ಲಿ ಇಂಗ್ಲಿಷರ ಕುದುರೆ ಪಡೆ ನಜರೇತಿನ ಅವನ ಠಾಣೆಗೇ ನುಗ್ಗಿದಾಗ ಕೂದಲೆಳೆಯಲ್ಲಿ ತಪ್ಪಿಸಿಕೊಂಡ. ಆ ಪಡೆಯಲ್ಲಿಯೂ ಹಿಂದುಸ್ತಾನದ ಸವಾರರಿದ್ದರು. ಮೂರು ದಿನಕ್ಕೆ ಹೈಫಾ ಹೋಯಿತು. (ತುರ್ಕಿ ಭಾಷೆಯಲ್ಲಿ 'ಲಿಮಾನ್' ಎಂದರೆ ಬಂದರು. ಬಂದರಿನ ಹೆಸರಿನವನು ಬಂದರು ಕಳೆದುಕೊಂಡ!)

ಇವನು ಒಳ್ಳೆಯವನೋ ಕೆಟ್ಟವನೋ? ಇಲ್ಲಿಯೇ ಸಂಶೋಧನೆ ಎಂಬ ಕೆಲಸ ಶುರುವಾಗುವುದು. ಅರ್ಮೇನಿಯನ್ನರನ್ನು ಊರುಬಿಡಿಸಿ ಮರುಭೂಮಿಗೆ ಅಟ್ಟುತ್ತಿದ್ದ ಕಾಲದಲ್ಲಿ, 1916ರ ನವೆಂಬರಿನಲ್ಲಿ, ಸ್ಮಿರ್ನಾದ ಗವರ್ನರ್ ಅಲ್ಲಿಯ ಅರ್ಮೇನಿಯನ್ನರಿಗೂ ಕೈ ಹಾಕಿದ. ಲೀಮನ್ ಸೈನ್ಯ ತಂದು ತಡೆಯುತ್ತೇನೆಂದು ಬೆದರಿಸಿ ಅದನ್ನು ನಿಲ್ಲಿಸಿದ. ಅದೇ ಮನುಷ್ಯ 1917ರಲ್ಲಿ ಐವಲಿಕ್ ಊರಿನ ಗ್ರೀಕರನ್ನು ಸೈನಿಕ ಕಾರಣ ಹೇಳಿ ಒಕ್ಕಲೆಬ್ಬಿಸಿದ. 1919ರಲ್ಲಿ ಇಂಗ್ಲಿಷರು ಅವನನ್ನು ಯುದ್ಧಾಪರಾಧದ ಶಂಕೆಯಲ್ಲಿ ಮಾಲ್ಟಾದಲ್ಲಿ ಕೂಡಿಹಾಕಿ ಕೆಲವು ತಿಂಗಳ ನಂತರ ಬಿಟ್ಟರು. ತುರ್ಕಿಯ ಐದು ವರ್ಷಗಳ ಬಗ್ಗೆ ಅವನು ಪುಸ್ತಕ ಬರೆದದ್ದು ಆ ಸೆರೆಯಲ್ಲಿ. 1921ರಲ್ಲಿ ಬರ್ಲಿನ್ನಿನಲ್ಲಿ, ತಲಾತ್ ಪಾಷಾನನ್ನು ಕೊಂದ ಅರ್ಮೇನಿಯನ್ ಯುವಕನ ವಿಚಾರಣೆ ನಡೆದಾಗ, ನ್ಯಾಯಾಲಯ ಸಾಕ್ಷಿಗೆ ಕರೆದವರಲ್ಲಿ ಅವನೂ ಒಬ್ಬ. ಇಂಥ ಮನುಷ್ಯನನ್ನು ಒಂದೇ ಪದದಲ್ಲಿ ತೂಗಲು ಯಾವ ತಕ್ಕಡಿ ಇದೆ?

ಇನ್ನು ನಮ್ಮ ಕಡೆಯ ಮಾತು. ಮೈಸೂರು ಲ್ಯಾನ್ಸರ್ಸಿನಲ್ಲಿ ಇದ್ದವರು ಯಾರು? ಅರಸು ಮನೆತನದವರಿದ್ದರು, ಮರಾಠರಿದ್ದರು. ಅವರ ಜೊತೆ ಜೊತೆಗೆ ಮುಸಲ್ಮಾನ ಸವಾರರೂ ಇದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಪೂರ್ಣಯ್ಯನವರು ಕಟ್ಟಿ ಉಳಿಸಿದ ಸಿಲ್ಲೇದಾರ್ ಕುದುರೆ ಪಡೆಯ ಪರಂಪರೆ ಅದು. ಎಂದರೆ, ಖಲೀಫನ ಸೈನ್ಯದ ಮೇಲೆ ನಮ್ಮ ಅಜ್ಜಂದಿರೂ ಭರ್ಜಿ ಎತ್ತಿದರು. ಎದುರುಗಡೆ 1914ರ ನವೆಂಬರಿನಲ್ಲಿ ಇಸ್ತಾಂಬುಲಿನಿಂದ ಜಿಹಾದಿನ ಘೋಷಣೆ ಹೊರಟಿತ್ತು. ಅದರ ಹಿಂದೆ ಜರ್ಮನ್ ಕೈಸರನ ಕೈ ಇತ್ತು. ಬರ್ಲಿನ್ನಿನ ಬಳಿ ವುನ್ಸ್‌ಡಾರ್ಫಿನಲ್ಲಿ ಮುಸ್ಲಿಂ ಯುದ್ಧಕೈದಿಗಳಿಗೆ ಮರದ ಮಸೀದಿಯನ್ನೂ ಕಟ್ಟಿಕೊಟ್ಟಿದ್ದರು, ಮನಸ್ಸು ತಿರುಗಲಿ ಎಂದು. ಇತ್ತ ಇಂಗ್ಲಿಷರು ಅಲಿ ಸಹೋದರರನ್ನು 1915ರಲ್ಲಿ ಬಂಧನದಲ್ಲಿಟ್ಟರು. ಒಂದು ಕಡೆ ಮಸೀದಿ, ಒಂದು ಕಡೆ ಸೆರೆಮನೆ. ಎರಡಕ್ಕೂ ಬೇಕಾಗಿದ್ದದ್ದು ಮುಸಲ್ಮಾನ ಸಿಪಾಯಿಯ ಜೀವ.

ಸಂದೇಶ ಕಳಿಸುವವರು ಈ ಸವಾರರನ್ನು ಮರೆತದ್ದು ನನಗೆ ಆಶ್ಚರ್ಯವಲ್ಲ. ನಾವು ಯಾಕೆ ಮರೆತೆವು? ನಮ್ಮ ಉರ್ದು ಬೈಠಕ್‌ಗಳಲ್ಲಿ ಖಿಲಾಫತ್ ಚಳುವಳಿಯ ಮಾತು ಬಂದರೆ ಎದೆ ಉಬ್ಬುತ್ತದೆ, ಲ್ಯಾನ್ಸರ್ಸ್ ಎಂದರೆ ಮಾತು ಬದಲಾಗುತ್ತದೆ. ಖಿಲಾಫತ್‌ಗಾಗಿ ಜೈಲಿಗೆ ಹೋದವನೂ ನಮ್ಮವನು, ಖಲೀಫನ ಸೈನ್ಯದ ಎದುರು ಕುದುರೆ ಓಡಿಸಿದವನೂ ನಮ್ಮವನು ಎಂದು ಹೇಳಲು ಮುಜುಗರ. ಈ ಮುಜುಗರ ಖಾಲಿ ಬಿಟ್ಟ ಜಾಗದಲ್ಲಿಯೇ ಇನ್ನೊಬ್ಬರು ಬಂದು ತಮ್ಮ ಬೋರ್ಡು ಹಾಕಿಕೊಂಡಿದ್ದಾರೆ. 2018ರಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿಸಿದರು. ಅಲ್ಲಿರುವ ಮೂರು ಪ್ರತಿಮೆಗಳು ಜೋಧಪುರ, ಮೈಸೂರು ಮತ್ತು ನಿಜಾಮರ ಹೈದರಾಬಾದಿನ ಸವಾರರವು. ಮೂರನೆಯದನ್ನು ಯಾರೂ ಜ್ಞಾಪಿಸಿಕೊಳ್ಳುವುದಿಲ್ಲ.

'ಬಿಡುಗಡೆ' ಎಂಬ ಪದದ ಬಗ್ಗೆಯೂ ಒಂದು ಮಾತು. ಅದಕ್ಕೆ ಹತ್ತು ತಿಂಗಳ ಹಿಂದೆಯೇ ಬಾಲ್ಫೋರ್ ಘೋಷಣೆ ಆಗಿಹೋಗಿತ್ತು. 1922ರ ಬ್ರಿಟಿಷ್ ಜನಗಣತಿಯಲ್ಲಿ ಹೈಫಾದ 24,634 ಜನರಲ್ಲಿ ಮುಸ್ಲಿಮರು 9,377, ಯಹೂದಿಗಳು 6,230, ಉಳಿದವರಲ್ಲಿ ಹೆಚ್ಚಿನವರು ಕ್ರೈಸ್ತರು. ಅವರನ್ನು ಯಾರೂ ಕೇಳಲಿಲ್ಲ. 1948ರವರೆಗೆ ಇಂಗ್ಲಿಷರೇ ಆಳಿದರು. ಬೆಂಗಳೂರನ್ನು ಹಿಡಿತದಲ್ಲಿಟ್ಟುಕೊಂಡವರೇ ಹೈಫಾವನ್ನು ಬಿಡಿಸಿದರು ಎಂದರೆ ನಂಬುವವರು ನಂಬಲಿ.

ಹೈಫಾದಲ್ಲಿ ಸತ್ತವರು ಎಂಟು ಮಂದಿ, ಗಾಯಗೊಂಡವರು 34. ಆದರೆ ಅಕ್ಟೋಬರ್ 26ರಂದು ಅಲೆಪ್ಪೊ ಹತ್ತಿರದ ಹರಿತಾನಿನಲ್ಲಿ ಇದೇ ಮೈಸೂರು, ಜೋಧಪುರದ ಸವಾರರು ಮುಸ್ತಫಾ ಕಮಾಲನ ಸೈನಿಕರ ಮೇಲೆ ಬಿದ್ದಾಗ ಸತ್ತವರು 21. ಯುದ್ಧ ನಿಲ್ಲಲು ನಾಲ್ಕೇ ದಿನ ಬಾಕಿ ಇತ್ತು. ಗೆಲುವಿನ ಹೈಫಾಕ್ಕೆ ದಿನಾಚರಣೆ ಇದೆ, ಹೆಚ್ಚು ಜನ ಸತ್ತ ಹರಿತಾನಿಗೆ ಒಂದು ಸಂದೇಶವೂ ಇಲ್ಲ.

ಮೈಸೂರು ಸಂಸ್ಥಾನದ ಹಳೆಯ ಕಡತಗಳು ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿವೆ. ಜಯನಗರದಿಂದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಒಮ್ಮೆ ಗಾಡಿ ಬದಲಿಸಿದರೆ ಮುಗಿಯಿತು. ಲ್ಯಾನ್ಸರ್ಸಿನ ಹೆಸರು, ತಂದೆಯ ಹೆಸರು, ಊರು, ಸಂಬಳ, ಕುದುರೆಯ ಲೆಕ್ಕ, ಹೆಂಡತಿಗೆ ಕೊಟ್ಟ ಪಿಂಚಣಿ, ಏನು ಸಿಕ್ಕಿದರೂ ಸರಿ, ನಮ್ಮ ಕಾಲೇಜುಗಳ ಇಬ್ಬರು ಹುಡುಗಿಯರು ಒಂದು ಬೇಸಗೆ ಕೂತು ನಕಲು ಮಾಡಿ ತಂದರೆ ಅಚ್ಚು ಹಾಕಿಸುವ ಖರ್ಚು ನನಗಿರಲಿ.